ಹಳದಿ ಹಾಳೆಯ ನಂತರದ ಕಾರ್ಡು

ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಬಿದಿರಿನ ಗೊಟ್ಟ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ, ಬಳಸಿ ಬಳಸಿ ಕಂದು ಬಣ್ಣಕ್ಕೆ ತಿರುಗಿದ ಗೊಟ್ಟ. ಅದರಲ್ಲಿ ಔಷಧ ತುಂಬಿ ಕುರಿಯ ಗಂಟಲಿಗೆ ಹೊಯ್ಯುತ್ತಾರೆ. ಕುರಿ ಸಾಕುವ ಒಬ್ಬ ಹೆಂಗಸು ಅದನ್ನು ಹಲ್ಲಿನ ನಡುವೆ ಅಡ್ಡಲಾಗಿ ಕಚ್ಚಿಕೊಂಡಿದ್ದಳು. ಮರಿಯ ದವಡೆ ಬಿಡಿಸಲು ಎರಡೂ ಕೈ ಬೇಕು, ಗೊಟ್ಟ ಇಡಲು ಬೇರೆ ಜಾಗವಿಲ್ಲ. ಒಂದು ಮರಿ ಮುಗಿದ ಮೇಲೆ ಇನ್ನೊಂದು ಮರಿಯನ್ನು ಎಳೆದುಕೊಳ್ಳುವಾಗ ಮತ್ತೆ ಹಲ್ಲಿಗೆ. ಗೊಟ್ಟದಿಂದ ಇಳಿದ ಹನಿ ಆಕೆಯ ಗಲ್ಲದ ಮೇಲೆ ಹೊಳೆಯುತ್ತಿತ್ತು. ಅದು ಕುಡಿಸುವ ಔಷಧವಾಗಿರಲಿಲ್ಲ. ಕುರಿಯ ಮೈಮೇಲಿನ ಹೇನು, ಉಣ್ಣಿ ಸಾಯಿಸುವ ವಿಷವಾಗಿತ್ತು.

ನಾನು ಶಿಕಾರಿಪುರದವಳು. ಅಲ್ಲೇ ಬಿ.ಎಸ್ಸಿ. ಮುಗಿಸಿದೆ. ಆನವಟ್ಟಿಯಲ್ಲಿ ಕುರಿ ಸಾಕುವವರ ಸಣ್ಣದೊಂದು ಸಂಘವಿದೆ, ಅದರ ಕಚೇರಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ಸು. ಸಂಘದ ಕೆಲಸಗಳಲ್ಲಿ ಮುಖ್ಯವಾದದ್ದು ಸುತ್ತಲಿನ ಹಟ್ಟಿಗಳಿಗೆ ಔಷಧ ಮುಟ್ಟಿಸುವುದು. ಮೊದಲೆಲ್ಲ ಒಬ್ಬ ಹಿರಿಯರು ಹಟ್ಟಿಯಿಂದ ಹಟ್ಟಿಗೆ ಹೋಗಿ, ಕುರಿಗಳ ಮುಂದೆ ನಿಂತು, ಯಾವುದು ಮೈಗೆ, ಯಾವುದು ಬಾಯಿಗೆ ಎಂದು ತಾವೇ ಅಳೆದು ಕೊಟ್ಟು ಬರುತ್ತಿದ್ದರು. ಅವರ ಮಂಡಿ ಸೋತು ಅವರು ಮನೆ ಹಿಡಿದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಬದಲು ಎರಡು ಬಾಟಲಿ ಮತ್ತು ಒಂದು ಕಾರ್ಡು ಕೊಡುವುದೆಂದು ತೀರ್ಮಾನವಾಯಿತು. ದೊಡ್ಡ ಕ್ಯಾನುಗಳ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ, ಹಟ್ಟಿಯಲ್ಲಿ ಅದನ್ನು ಓದುವವರಿಲ್ಲ. ಹಾಗಾಗಿ ಔಷಧವನ್ನು ಸಣ್ಣ ಬಾಟಲಿಗಳಿಗೆ ಸುರಿದು ಮುಚ್ಚಳದ ಬಣ್ಣದಿಂದ ಗುರುತು ಮಾಡಿದೆವು. ಕೆಂಪು ಮುಚ್ಚಳದ್ದು ನೀರಿಗೆ ಬೆರೆಸಿ ಮೈ ತೊಳೆಯಲು. ಬಿಳಿ ಮುಚ್ಚಳದ್ದು ಜಂತುಹುಳುವಿಗೆ, ಬಾಯಿಗೆ ಕುಡಿಸಲು. ಯಾವ ಬಣ್ಣ ಯಾವುದಕ್ಕೆ ಎನ್ನುವುದನ್ನು ಹೇಳುವುದು ಕಾರ್ಡು ಮಾತ್ರ.

ಕಾರ್ಡಿನ ಹಸಿರು ಚೌಕಟ್ಟನ್ನು ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದೆವು. ಮೇಲೆ ಕುಟುಂಬದ ಹೆಸರಿಗೆ ದೊಡ್ಡ ಚೌಕ. ಅದರ ಕೆಳಗೆ ಎರಡು ಸಣ್ಣ ಸಾಲು. ಒಂದರ ಪಕ್ಕದಲ್ಲಿ ‘ಮೈ ತೊಳೆಯಲು’ ಎಂದೂ ಇನ್ನೊಂದರ ಪಕ್ಕದಲ್ಲಿ ‘ಬಾಯಿಗೆ ಕುಡಿಸಲು’ ಎಂದೂ ಅಚ್ಚಾಗಿತ್ತು. ಅವುಗಳ ಕೆಳಗೆ ಗಾಢ ಹಸಿರು ಪಟ್ಟಿ, ಅದರೊಳಗೆ ಒಂದು ಕುರಿಯ ಚಿತ್ರ. ಪ್ರತಿ ಹಟ್ಟಿಯ ಕುರಿ ಬೇರೆ, ಅಳತೆ ಬೇರೆ. ಹೆಸರು, ಮುಚ್ಚಳದ ಬಣ್ಣ, ಎಷ್ಟು ನೀರಿಗೆ ಎಷ್ಟು ಔಷಧ ಎಂಬುದನ್ನೆಲ್ಲ ಆಮೇಲೆ ಕಂಪ್ಯೂಟರಿನಿಂದ ಆ ಖಾಲಿ ಜಾಗಗಳಿಗೆ ತುಂಬಿಸಬೇಕಿತ್ತು.

ಅದನ್ನು ಶಿಕಾರಿಪುರದ ಒಂದು ಪ್ರೆಸ್ಸಿಗೆ ಕೊಟ್ಟೆವು. ಅದರ ಮಾಲೀಕರು ಎಲ್ಲಿಂದಲೋ ಹಳೆಯ ದೊಡ್ಡ ಪ್ರಿಂಟರ್ ತರಿಸಿದ್ದರು. ಗೋಡೆಯ ಉದ್ದಕ್ಕೂ ಮಲಗಿದ ಎಮ್ಮೆಯ ಹಾಗಿತ್ತು. ಬೇರೆ ಬೇರೆ ಕಾಗದಕ್ಕೆ ಬೇರೆ ಬೇರೆ ಟ್ರೇ. ಕಂಪ್ಯೂಟರಿನ ಕಡತದೊಳಗೇ ಒಂದು ಕಮಾಂಡ್ ಬರೆದರೆ ಸಾಕು, ಈ ಟ್ರೇ ಬಿಟ್ಟು ಆ ಟ್ರೇಯಿಂದ ಹಾಳೆ ಎಳೆದುಕೊಳ್ಳುತ್ತಿತ್ತು. ಅದನ್ನು ನಡೆಸುತ್ತಿದ್ದವನು ಮಾಲೀಕರ ಅಕ್ಕನ ಅಳಿಯ. ಮಾತಿಗೆ ಮಾತು ಕೊಡುವವನು, ಕೆಲಸದಲ್ಲಿ ಚುರುಕು.

ಕಾರ್ಡು ಅಚ್ಚಾಗುವ ದಿನ ನಾನು ಅಲ್ಲೇ ಕೂತಿದ್ದೆ. ಹಟ್ಟಿವಾರು ಕಟ್ಟು ಬೇರೆ ಬೇರೆ ಇರಲಿ, ಹಂಚುವಾಗ ಗೊಂದಲವಾಗಬಾರದು ಎಂದು ಸಂಘದ ಕಾರ್ಯದರ್ಶಿ ಹೇಳಿ ಕಳಿಸಿದ್ದರು. ಒಂದು ಹಟ್ಟಿ ಮುಗಿದ ಕೂಡಲೇ ನಡುವೆ ಒಂದು ಹಳದಿ ಹಾಳೆ ಬರಬೇಕು.

“ಹಳದಿ ಹಾಳೆ ಆಮ್ಯಾಲೆ ಕೈಲೇ ಸೇರಿಸಿದ್ರಾತು ಬಿಡ್ರಿ, ಮಾವ,” ಎಂದ ಅಳಿಯ.

“ಕೈಲಿ ಸೇರ್ಸಾಕೆ ಮಶೀನ್ ಯಾಕೆ ತಂದಿದ್ದು? ಅದಕ್ಕೇ ಹೇಳು, ತಗಳ್ಳತ್ತೆ.”

“ಹೇಳ್ತೀನಿ. ನಿಮ್ಮ ಮಾತು ಕೇಳದಿದ್ರೂ ನನ್ನ ಮಾತು ಕೇಳತ್ತೆ ಅದು.”

ಮಾಲೀಕರು ನನ್ನ ಕಡೆ ತಿರುಗಿದರು. “ಅಲ್ರೀ, ಇಷ್ಟು ಚಂದ ಮಾಡಿ ಕೊಡ್ತೀವಿ. ಕುರಿ ಓದ್ತಾವೇನ್ರೀ ಇದನ್ನ?”

“ಓದಿದ್ರೆ ಮೊದ್ಲು ನಿಮ್ಮ ಬಿಲ್ ಓದ್ತಾವೆ,” ಎಂದ ಅಳಿಯ. ಮೂವರೂ ನಕ್ಕೆವು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ.

ಅವನು ಕಡತ ತೆರೆದು ಒಂದೊಂದು ಹಟ್ಟಿಯ ಕೊನೆಯಲ್ಲಿ ಹಳದಿ ಟ್ರೇಯ ಕಮಾಂಡ್ ಸೇರಿಸಿದ. ಆ ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಕೆಲಸವಾದರೂ ಹೊರಬಂದ ಮೊದಲ ಹಾಳೆಗೆ ಮಾಲೀಕರು ಕುಂಕುಮ ಹಚ್ಚಿ, ಕಣ್ಣಿಗೆ ಒತ್ತಿಕೊಂಡು, ದೇವರ ಫೋಟೋದ ಕೆಳಗೆ ಇಡುತ್ತಿದ್ದರು. ಇಡುವ ಮುಂಚೆ ಅದನ್ನು ಅಕ್ಷರ ಅಕ್ಷರ ಓದುತ್ತಿದ್ದರು. ಪರಿಶೀಲನೆ, ಪೂಜೆ ಎರಡೂ ಅದೇ. ಮೊದಲ ಹಾಳೆ ಸರಿಯಿದ್ದರೆ ಮುಂದಿನದೆಲ್ಲ ಸರಿ ಎಂದು ಅವರ ಅಪ್ಪನ ಕಾಲದಿಂದ ನಡೆದು ಬಂದ ನಂಬಿಕೆ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಅದು ನಿಜವೇ. ಜೋಡಿಸಿದ ಮೊಳೆ ನಡುವೆ ಎದ್ದು ಬೇರೆ ಕಡೆ ಕೂರುವುದಿಲ್ಲ.

ಅವತ್ತು ಮೊದಲ ಹಾಳೆಯನ್ನು ಅವರು ಓದಿದರು, ನನ್ನ ಕೈಗೂ ಕೊಟ್ಟರು. ಮೈ ತೊಳೆಯಲು ಕೆಂಪು, ಬಾಯಿಗೆ ಬಿಳಿ. ಸರಿಯಿತ್ತು. ಕುಂಕುಮ ಬಿತ್ತು. ಮಶೀನು ಓಡತೊಡಗಿತು.

ಮುಂದಿನದು ನಮಗೆ ಆಮೇಲೆ ತಿಳಿದದ್ದು, ಆದರೆ ಇಲ್ಲೇ ಹೇಳಿಬಿಡುತ್ತೇನೆ. ಅಳಿಯ ಬರೆದ ಕಮಾಂಡನ್ನು ಮಶೀನು ಪಾಲಿಸಿತು, ಹಳದಿ ಹಾಳೆ ಎಳೆದುಕೊಂಡಿತು. ಆದರೆ ಆ ಕಮಾಂಡ್ ಒಂದು ಪ್ರತ್ಯೇಕ ಸಾಲಿನಲ್ಲಿ ಕೂತಿತ್ತು. ಕಮಾಂಡಿನ ಅಕ್ಷರಗಳು ಕಾಗದದ ಮೇಲೆ ಬೀಳಲಿಲ್ಲ, ಅದು ಕೂತಿದ್ದ ಸಾಲು ಮಾತ್ರ ಖಾಲಿ ಸಾಲಾಗಿ ಮುಂದಿನ ಕಾರ್ಡಿನ ತಲೆಯ ಮೇಲೆ ಬಿತ್ತು. ಆ ಕಾರ್ಡಿನ ಎಲ್ಲ ಬರಹ ಒಂದು ಸಾಲು ಕೆಳಗೆ ಜಾರಿತು. ಆ ಕಾರ್ಡು ಮುಗಿದು ಹೊಸ ಪುಟ ಶುರುವಾದಾಗ ಮತ್ತೆ ಎಲ್ಲ ಸರಿಯಾಯಿತು. ಹೀಗೆ ಹಳದಿ ಹಾಳೆಯ ಬೆನ್ನಿಗೇ ಬಂದ ಕಾರ್ಡು ಮಾತ್ರ ತಪ್ಪು. ಹೆಸರಿನ ಚೌಕ ದೊಡ್ಡದಿತ್ತು, ಹೆಸರು ಸ್ವಲ್ಪ ಕೆಳಗೆ ಬಿದ್ದರೂ ಚೌಕದೊಳಗೇ ಉಳಿದು ಅಂದವಾಗಿಯೇ ಕಾಣುತ್ತಿತ್ತು. ಆದರೆ ‘ಮೈ ತೊಳೆಯಲು’ ಎನ್ನುವ ಸಾಲು ಖಾಲಿ. ‘ಬಾಯಿಗೆ ಕುಡಿಸಲು’ ಎನ್ನುವಲ್ಲಿ ಕೆಂಪು ಮುಚ್ಚಳ. ಬಿಳಿ ಮುಚ್ಚಳದ ಮಾತು ಗಾಢ ಹಸಿರು ಪಟ್ಟಿಯ ಮೇಲೆ ಬಿದ್ದು, ಕಪ್ಪು ಅಕ್ಷರ ಅದರಲ್ಲಿ ಮುಳುಗಿಹೋಗಿತ್ತು.

ಎಲ್ಲಕ್ಕಿಂತ ಮೊದಲ ಹಾಳೆಗೆ ಮುಂಚೆ ಯಾವ ಹಳದಿ ಹಾಳೆಯೂ ಬಂದಿರಲಿಲ್ಲ. ದೇವರ ಕೆಳಗೆ ಹೋದದ್ದು ಅದು.

ಕಾರ್ಡು ಹಂಚಿ ಕೆಲವು ದಿನಗಳಾಗಿದ್ದವು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಔಷಧ ಹಾಕುವಾಗ ಒಂದೆರಡು ಫೋಟೋ ತೆಗೆದುಕೊಂಡು ಬಾ ಎಂದು ಕಾರ್ಯದರ್ಶಿ ಕಳಿಸಿದ್ದರಿಂದ ಆನವಟ್ಟಿಯಿಂದ ಒಳಗಿನ ಒಂದು ಹಟ್ಟಿಗೆ ಹೋದೆ. ಬಸ್ಸಿಳಿದು ಮೆಕ್ಕೆಜೋಳದ ಹೊಲಗಳ ನಡುವಿನ ದಾರಿಯಲ್ಲಿ ನಡೆಯಬೇಕು. ಹಟ್ಟಿಯ ಮೊದಲ ಮನೆ ಆಕೆಯದು, ಕಟ್ಟಿನ ಮೊದಲ ಕಾರ್ಡೂ ಆಕೆಯದೇ. ಗಂಡನಿಗೆ ಓದು ಬಾರದು. ಆಕೆ ಮಾತ್ರ ಮಗಳು ಶಾಲೆಗೆ ಹೋಗುತ್ತಿದ್ದಾಗ ಪಕ್ಕದಲ್ಲಿ ಕೂತು ಅಕ್ಷರ ಕಲಿತಿದ್ದಳು. ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು, ತಪ್ಪಿಲ್ಲದೆ ಓದುತ್ತಿದ್ದಳು.

ದೊಡ್ಡಿಯ ಬಾಗಿಲಲ್ಲಿ ಗಂಡ ಮರಿಗಳನ್ನು ಹಿಡಿದು ಹಿಡಿದು ಕೊಡುತ್ತಿದ್ದ. ನನ್ನನ್ನು ಕಂಡು ನಕ್ಕ.

“ಬರ್ರೀ ಅಕ್ಕೋರೆ. ನಮ್ಮನಿ ಡಾಕ್ಟ್ರಮ್ಮ ಬೆಳಿಗ್ಗಿಂದ ಕಾರ್ಡ್ ಓದಿದ್ದೇ ಓದಿದ್ದು. ನಂಗೆ ಬರೇ ಮರಿ ಹಿಡಿಯೋ ಕೆಲಸ ಕೊಟ್ಟಾಳೆ.”

ಆಕೆ ಹಲ್ಲಿನಿಂದ ಗೊಟ್ಟ ತೆಗೆದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ಓದಾಕೆ ಬರದೋರಿಗೆ ಇನ್ನೇನು ಕೆಲಸ ಕೊಡಾದು? ಅಕ್ಕೋರೆ, ಈ ಸಲದ ಔಷಧ ಭಾಳ ಘಾಟು ಐತ್ರೀ. ನಾಲಿಗೆ ಮ್ಯಾಲೆ ಇಟ್ಟು ನೋಡಿದೆ, ಚುರ್ ಅಂತು.”

“ನಾಲಿಗೆ ಮೇಲೆ ಯಾಕಿಟ್ರಿ?”

“ನಾನು ಬಾಯಿಗೆ ಇಡದಿದ್ದನ್ನ ಮರಿ ಬಾಯಿಗೆ ಹೆಂಗೆ ಇಡಾದ್ರೀ? ನಮ್ಮವ್ವನೂ ಹಂಗೇ ಮಾಡೋಳು.”

ನಾನು ಫೋನು ತೆಗೆದು ಫೋಟೋಗೆ ಹಿಡಿದೆ. ಪರದೆಯ ಮೇಲೆ ಆಕೆ, ಮಂಡಿಯ ನಡುವೆ ಮರಿ, ಪಕ್ಕದಲ್ಲಿ ಕೊಡ, ಕೊಡದ ಪಕ್ಕದಲ್ಲಿ ಮುಚ್ಚಳ ತೆಗೆದ ಬಾಟಲಿ, ಮಣ್ಣಿನ ಮೇಲೆ ಬಿದ್ದ ಮುಚ್ಚಳ. ಮುಚ್ಚಳ ಕೆಂಪಾಗಿತ್ತು. ಕಣ್ಣು ಅದನ್ನು ಕಂಡಿತು, ಬುದ್ಧಿ ಇನ್ನೂ ಕಂಡಿರಲಿಲ್ಲ. ನಾನು ಬಟನ್ ಒತ್ತಿಬಿಟ್ಟೆ. ಆ ಫೋಟೋ ಇವತ್ತೂ ನನ್ನ ಫೋನಿನಲ್ಲಿದೆ. ಅಳಿಸಲು ಎಷ್ಟೋ ಸಲ ಹೋಗಿ ಬಿಟ್ಟಿದ್ದೇನೆ.

ಅಷ್ಟರಲ್ಲಿ ದೊಡ್ಡಿಯ ಮೂಲೆಯಲ್ಲಿ ಒಂದು ಮರಿ ಮುಗ್ಗರಿಸಿತು. ಎದ್ದು ನಿಲ್ಲಲು ನೋಡಿತು, ಹಿಂಗಾಲು ನಡುಗಿ ಮತ್ತೆ ಬಿತ್ತು. ಬಾಯಿಂದ ಜೊಲ್ಲು ನೂಲಿನ ಹಾಗೆ ನೆಲದವರೆಗೆ ಇಳಿಯುತ್ತಿತ್ತು. ಕಂಬದ ಮೊಳೆಗೆ ಸಿಕ್ಕಿಸಿದ್ದ ಕಾರ್ಡಿನ ಹತ್ತಿರ ಹೋದೆ. ಬಾಯಿಗೆ ಕುಡಿಸಲು, ಕೆಂಪು ಮುಚ್ಚಳ. ಮತ್ತೊಮ್ಮೆ ಓದಿದೆ. ಅದೇ ಇತ್ತು.

“ನಿಲ್ಸಿ,” ಎಂದೆ. ಹೋಗಿ ಆಕೆಯ ಕೈಯಿಂದ ಗೊಟ್ಟ ಕಿತ್ತುಕೊಂಡೆ. “ಇದು ವಿಷ. ಮೈ ತೊಳೆಯೋದು ಇದು. ಬಾಯಿ ತೊಳ್ಕೊಳ್ಳಿ, ಉಗೀರಿ, ನುಂಗಬೇಡಿ.”

“ಕಾರ್ಡಿನಾಗೆ ಹಂಗೇ ಐತಲ್ರೀ,” ಎಂದಳು ಆಕೆ. ಕೋಪವಿರಲಿಲ್ಲ. ತಾನು ಓದಿದ್ದು ಸರಿಯೋ ತಪ್ಪೋ ಎಂಬ ಸಂಕೋಚವಿತ್ತು. “ನಾನು ಬೆರಳಿಟ್ಟು ಓದೀನ್ರೀ.”

“ನೀವು ಓದಿದ್ದು ಸರಿ. ಕಾರ್ಡೇ ತಪ್ಪು.”

ಬಾಯಿ ಮುಕ್ಕಳಿಸುವಾಗಲೇ ಆಕೆಯ ಹಣೆ ಬೆವರಿಟ್ಟಿತ್ತು. ಕಣ್ಣು ಮಂಜಾಗಿದೆ ಎಂದಳು. ಹತ್ತಿರ ಹೋಗಿ ನೋಡಿದೆ. ಅಷ್ಟು ಬಿಸಿಲಿನಲ್ಲಿ ಬೇರೆಯವರ ಕಣ್ಣು ಹೇಗಿರುತ್ತದೋ ಗೊತ್ತಿಲ್ಲ, ಆಕೆಯ ಕಣ್ಣಿನ ಪಾಪೆ ಮಾತ್ರ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು. ಇಂಥ ವಿಷ ಮೈಗೇರಿದರೆ ಪಾಪೆ ಕುಗ್ಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಓದಿದ್ದು ಈಗ ಆಕೆಯ ಮುಖದಲ್ಲಿ ಕಾಣುತ್ತಿತ್ತು, ಆನವಟ್ಟಿ ಆಸ್ಪತ್ರೆಗೆ ಹೊರಡಿ ಎಂದು ಗಂಡನಿಗೆ ಕೂಗಿದೆ.

ಗಂಡ ಬೈಕು ಹೊರಗೆ ತಂದ, ಆದರೆ ಹತ್ತಲಿಲ್ಲ. ದೊಡ್ಡಿಯ ಕಡೆ ನೋಡುತ್ತಿದ್ದ. ಅಲ್ಲಿ ಇನ್ನೊಂದು ಮರಿ ಬಿದ್ದಿತ್ತು. ಆಕೆಯೂ ಅತ್ತಲೇ ನೋಡುತ್ತಿದ್ದಳು.

“ನಾನು ಹೆಂಗೋ ಆಗ್ತೀನಿ, ಮೊದ್ಲು ಕುರಿ ಡಾಕ್ಟ್ರನ್ನ ಕರ್ಕಂಬರ್ರಿ,” ಎಂದಳು.

“ಬಾಯ್ ಮುಚ್ಕಂಡು ಹತ್ತು,” ಎಂದ ಆತ. ಅದುವರೆಗೆ ಆತ ಆಕೆಯ ಜೊತೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದ ಮನೆಯ ಹೆಂಗಸು ಹಿಂದೆ ಕೂತು ಆಕೆಯನ್ನು ಹಿಡಿದುಕೊಂಡಳು. ಬೈಕು ಮೆಕ್ಕೆಜೋಳದ ನಡುವೆ ಮರೆಯಾಯಿತು.

ನಾನು ಮರಿಗಳ ಜೊತೆ ಉಳಿದೆ. ಪಶುವೈದ್ಯರಿಗೆ ಫೋನು ಮಾಡಿದೆ, ಬರುತ್ತೇನೆ ಎಂದರು. ಕಾರ್ಯದರ್ಶಿಗೆ ಫೋನು ಮಾಡಿ ಎಲ್ಲ ಹಟ್ಟಿಗೂ ಹೇಳಿ, ಯಾರೂ ಯಾವ ಬಾಟಲಿಯನ್ನೂ ಮುಟ್ಟಬಾರದು ಎಂದೆ. ಒಂದೇ ಕಾರ್ಡು ತಪ್ಪೋ, ಎಲ್ಲವೂ ತಪ್ಪೋ ಆಗ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಗೆ ಓಡಿ ಅವರ ಕಾರ್ಡು ನೋಡಿದೆ. ಸರಿಯಿತ್ತು. ಅದರ ಪಕ್ಕದ ಮನೆಯದೂ ಸರಿಯಿತ್ತು. ಅದು ಸಮಾಧಾನ ಕೊಡಲಿಲ್ಲ, ಹೆದರಿಕೆ ಹೆಚ್ಚಾಯಿತು. ಎಲ್ಲವೂ ತಪ್ಪಿದ್ದರೆ ಯಾರಾದರೂ ಗುರುತಿಸುತ್ತಿದ್ದರು. ಸರಿಯಿರುವ ರಾಶಿಯೊಳಗೆ ತಪ್ಪಿರುವುದು ಎಲ್ಲಿದೆ ಎಂದು ಹೇಗೆ ಹುಡುಕುವುದು?

ವಾಪಸ್ಸು ಬಂದಾಗ ಮೊದಲು ಬಿದ್ದ ಮರಿಯ ಉಸಿರು ನಿಂತಿತ್ತು. ಇನ್ನೊಂದು ಮರಿ ನನ್ನ ಕಾಲ ಬಳಿಯೇ ಮಲಗಿ, ತಾಯಿ ಕುರಿ ಕೂಗಿದಾಗಲೆಲ್ಲ ಕಿವಿ ಅಲ್ಲಾಡಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಿವಿಯೂ ಅಲುಗಲಿಲ್ಲ. ತಾಯಿ ಕುರಿ ಕೂಗುತ್ತಲೇ ಇತ್ತು. ಪಶುವೈದ್ಯರು ಬಂದು ಬದುಕಿದ್ದವಕ್ಕೆ ಇಂಜೆಕ್ಷನ್ ಕೊಟ್ಟರು. ಆನವಟ್ಟಿಯಲ್ಲಿ ಆಕೆಗೆ ಕೊಡುತ್ತಿದ್ದದ್ದೂ ಇದೇ ಔಷಧ, ಅಳತೆ ಬೇರೆ ಅಷ್ಟೇ ಎಂದರು. ಕೆಲವು ಮರಿ ಉಳಿದವು, ಹೆಚ್ಚಿನವು ಉಳಿಯಲಿಲ್ಲ. ಬೇರೆ ಹಟ್ಟಿಗಳಲ್ಲಿ ಅವತ್ತಿನವರೆಗೆ ಯಾರೂ ಬಾಟಲಿ ತೆರೆದಿರಲಿಲ್ಲ. ಅವರ ಹೊಲದ ಕೆಲಸ ಮುಗಿದಿರಲಿಲ್ಲ, ಕಾರಣ ಅಷ್ಟೇ.

ಆಕೆಯನ್ನು ಆನವಟ್ಟಿಯಿಂದ ಆಂಬುಲೆನ್ಸಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ತಂದಿದ್ದರು. ನಾನು ಹೋಗುವ ಹೊತ್ತಿಗೆ ಆಕೆ ಏನೇನೋ ಬಡಬಡಿಸುತ್ತಿದ್ದಳು. ಗಾಳಿಯಲ್ಲಿ ಕೈಯಾಡಿಸಿ ಯಾವುದೋ ಮರಿಯನ್ನು ಹತ್ತಿರ ಕರೆಯುತ್ತಿದ್ದಳು. ಡಾಕ್ಟರು ಆಗಾಗ ಬಂದು ರೆಪ್ಪೆ ಬಿಡಿಸಿ ಟಾರ್ಚು ಹಾಕಿ ಪಾಪೆ ನೋಡಿ ಹೋಗುತ್ತಿದ್ದರು. ಗಂಡ ಹೊರಗಿನ ಬೆಂಚಿನ ಮೇಲೆ ಕಂಬಳಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮರಿಗಳ ಸುದ್ದಿ ಕೇಳಲಿಲ್ಲ.

ಮರುದಿನ ಆ ಕಾರ್ಡನ್ನು ತೆಗೆದುಕೊಂಡು ಪ್ರೆಸ್ಸಿಗೆ ಹೋದೆ. ಮಾಲೀಕರು ನೋಡಿದರು, ದೇವರ ಫೋಟೋದ ಕೆಳಗಿನಿಂದ ಕುಂಕುಮ ಹಚ್ಚಿದ ಹಾಳೆ ತೆಗೆದು ಅದರ ಪಕ್ಕದಲ್ಲಿ ಇಟ್ಟರು. ಕುಂಕುಮದ ಹಾಳೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದನ್ನು ನೋಡಿ ಅವರ ಮುಖ ಇನ್ನಷ್ಟು ಕಪ್ಪಿಟ್ಟಿತು.

ಅಳಿಯ ಕಡತ ತೆರೆದು ಮತ್ತೆ ಓಡಿಸಿದ. ಹಳದಿ ಹಾಳೆ ಬಂತು, ಅದರ ಬೆನ್ನಿಗೆ ಕಾರ್ಡು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಟ್ರೇ ಬದ್ಲಾಯ್ಸು ಅಂತ ನಾನು ಅದಕ್ಕೆ ಹೇಳಿದ್ದು. ಅದನ್ನೂ ಒಂದು ಸಾಲು ಅಂತ ಲೆಕ್ಕ ಹಿಡ್ದೈತೆ,” ಎಂದ.

“ಹಂಗಂದ್ರೆ?” ಎಂದರು ಮಾಲೀಕರು.

“ಕಮಾಂಡನ್ನ ಕಾರ್ಡಿನ ಬರಹದ ಜೊತೆ ಸೇರಿಸ್ಬಾರ್ದಿತ್ತು. ಹಿಂದಿನ ಪುಟ ಪೂರ್ತಿ ಮುಗ್ಸಿ, ಕಮಾಂಡ್ ಬ್ಯಾರೆ ಕಳಿಸಿ, ಆಮ್ಯಾಲೆ ಹೊಸ ಪುಟದ ತಲೆಯಿಂದ ಶುರು ಮಾಡು ಅಂತ ಅದಕ್ಕೆ ಹೇಳ್ಬೇಕಿತ್ತು. ಹಳದಿ ಹಾಳೆ ಆದ್ಮೇಲಿಂದು ಒಂದಾದ್ರೂ ತೆಗ್ದು ನೋಡ್ಬೇಕಿತ್ತು.”

ಅಲ್ಲೇ ಕೂತು ಹಾಗೆ ಬದಲಾಯಿಸಿ ಓಡಿಸಿದ. ಬರಹ ತನ್ನ ಸಾಲಿನಲ್ಲಿ ನೆಟ್ಟಗೆ ಕೂತಿತು. ಕೆಂಪು ಮೈಗೆ, ಬಿಳಿ ಬಾಯಿಗೆ. ಇಷ್ಟೇ ಕೆಲಸವಾಗಿತ್ತು. ಮಾಲೀಕರು ಕುಂಕುಮದ ಡಬ್ಬಿಗೆ ಕೈ ಹಾಕಲಿಲ್ಲ. ಈಗ ಆ ಪ್ರೆಸ್ಸಿನಲ್ಲಿ ಟ್ರೇ ಬದಲಾದ ಪ್ರತಿ ಸಲವೂ ಮಶೀನು ನಿಲ್ಲಿಸಿ ಅದರ ಮುಂದಿನ ಹಾಳೆಯನ್ನು ಓದುತ್ತಾರಂತೆ. ನಾನು ಅಲ್ಲಿಗೆ ಮತ್ತೆ ಹೋಗಿಲ್ಲ.

ಆಕೆ ಉಳಿದಳು. ಬಹಳ ದಿನ ಕೈ ನಡುಗುತ್ತಿತ್ತು, ಲೋಟ ಹಿಡಿದರೆ ಚಹಾ ತುಳುಕುತ್ತಿತ್ತು. ಸಂಘದವರು ಒಂದಿಷ್ಟು ಮರಿ ಕೊಡಿಸಿದರು. ಮುಂದಿನ ಸಲ ಔಷಧ ಹಾಕುವ ಕಾಲ ಬಂದಾಗ ಯಾವ ಹಟ್ಟಿಗೂ ಬರಿಯ ಕಾರ್ಡು ಹೋಗಬಾರದು, ಜೊತೆಗೆ ಒಬ್ಬರು ಹೋಗಬೇಕು ಎಂದು ನಿರ್ಧಾರವಾಯಿತು. ಆಕೆಯ ಹಟ್ಟಿಗೆ ನಾನೇ ಹೋದೆ.

ಅದೇ ದೊಡ್ಡಿ, ಅದೇ ಕಂಬ. ಮೊಳೆಯಲ್ಲಿ ಏನೂ ಸಿಕ್ಕಿಸಿರಲಿಲ್ಲ. ನಾನು ಹೊಸ ಕಾರ್ಡು ಕೊಟ್ಟೆ. ಆಕೆ ಅದನ್ನು ಓದಲಿಲ್ಲ. ಮಡಿಚಿ ಗೋಡೆಯ ಸಂದಿಗೆ ತುರುಕಿದಳು. ನಾನು ಬಿಳಿ ಮುಚ್ಚಳದ ಬಾಟಲಿ ತೆಗೆದು, ಇದು ಬಾಯಿಗೆ, ನಾನೇ ಕ್ಯಾನಿನಿಂದ ಸುರಿದದ್ದು ಎಂದೆ.

ಆಕೆ ಗೊಟ್ಟ ತುಂಬಿದಳು. ಮರಿಯ ಕಡೆ ಹೋಗಲಿಲ್ಲ. ನನ್ನ ಕಡೆ ಚಾಚಿದಳು.

“ನೀವು ನಾಲಿಗೆ ಮ್ಯಾಲೆ ಇಟ್ಕಳ್ರೀ, ಅಕ್ಕೋರೆ.”

ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ, ಸೇಡೂ ಇರಲಿಲ್ಲ. ಮಾಡಲೇಬೇಕಾದ ಕೆಲಸ, ಈಗ ತನ್ನಿಂದಾಗದು, ಇನ್ನೊಬ್ಬರು ಮಾಡಬೇಕು ಎನ್ನುವಂತಿತ್ತು.

ಬಾಟಲಿಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಆದರೂ ನಾಲಗೆ ಚಾಚಲು ಸ್ವಲ್ಪ ಹೊತ್ತು ಬೇಕಾಯಿತು. ಸೀಮೆಸುಣ್ಣದ ಹಾಗೆ ಸಪ್ಪೆ, ಕೊನೆಯಲ್ಲಿ ಕಹಿ.

“ಕೂತ್ಕಳ್ರೀ,” ಎಂದಳು. ದೊಡ್ಡಿಯ ಬಾಗಿಲಲ್ಲಿ ಕೂತೆವು. ಮರಿಗಳು ಬೇಲಿಯ ಆಚೆ ಕೂಗುತ್ತಿದ್ದವು. ಕಂಬದ ನೆರಳು ನಮ್ಮ ಕಾಲಿನಿಂದ ಜರುಗಿ ದೂರ ಹೋಯಿತು. ಆಗಾಗ ಆಕೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ನನ್ನ ಕಣ್ಣಿನ ಪಾಪೆ ನೋಡುತ್ತಿದ್ದಳು. ಕೊನೆಗೆ ಎದ್ದು, ಗೊಟ್ಟವನ್ನು ಹಲ್ಲಿಗೆ ಕಚ್ಚದೆ ಗಂಡನ ಕೈಗೆ ಕೊಟ್ಟು, ಮೊದಲ ಮರಿಯನ್ನು ಎಳೆದುಕೊಂಡಳು.